ಪಿಜಿ ಓದುವಾಗಲೇ ಮಗುವಾದರೆ

ಬಾಗಲೂರಿನ ತಂಗಿ, ಬಸುರಿ ಎಂಬುದನ್ನು ವಿಭಾಗದಲ್ಲಿ ಮುಚ್ಚಿಡಬೇಡಿ. ಎಚ್‌ಒಡಿಗೆ ಈ ವಾರವೇ ಬರೆದುಕೊಡಿ. ನಿಮ್ಮಂಥ ಅರಿವಳಿಕೆ ವಿಭಾಗದವರಿಗೆ ಸಿ-ಆರ್ಮ್ ಎಕ್ಸ್‌ರೇ ಯಂತ್ರದ ಪಕ್ಕ ನಿಲ್ಲುವುದು ತಪ್ಪುವುದಿಲ್ಲ. ಗರ್ಭಿಣಿಯೆಂದು ತಿಳಿಸಿದ ಮೇಲೆ ಭ್ರೂಣಕ್ಕೆ ತಗಲುವ ವಿಕಿರಣ 1 ಮಿಲಿಸೀವರ್ಟ್ ದಾಟಬಾರದು ಎಂಬ ನಿಯಮವಿದೆ. ಹೇಳದಿದ್ದರೆ ಆ ರಕ್ಷಣೆ ಸಿಗುವುದು ಹೇಗೆ? ಸೀಸದ ಏಪ್ರನ್ ಒಳಗೆ, ಹೊಟ್ಟೆಯ ಮಟ್ಟಕ್ಕೆ ವಿಕಿರಣ ಅಳೆಯುವ ಇನ್ನೊಂದು ಬ್ಯಾಡ್ಜ್ ಕೇಳಿ ಪಡೆಯಿರಿ.

ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2023ರ ಪಿಜಿ ನಿಯಮಾವಳಿಯಲ್ಲಿ ಸರ್ಕಾರಿ ನಿಯಮದಂತೆ ಹೆರಿಗೆ ರಜೆ ಇದೆ. ಕೋರ್ಸ್ ಅಷ್ಟು ದಿನ ಮುಂದಕ್ಕೆ ಹೋಗಬಹುದು, ಪರೀಕ್ಷೆಯೂ ತಡವಾಗಬಹುದು. ಆಗಲಿ ಬಿಡಿ. ಅತ್ತೆಯವರು ಹೇಳುತ್ತಾರೆಂದು ಸೀಟನ್ನು ಮಾತ್ರ ಖಂಡಿತ ಬಿಡಬೇಡಿ. ಅದು ನೀವು ಕಷ್ಟಪಟ್ಟು ಗಳಿಸಿದ್ದು. ಬಾಣಂತನ ಮುಗಿಸಿ ಡ್ಯೂಟಿಗೆ ಮರಳಿ. ಹಿಂಡಿಟ್ಟ ಎದೆಹಾಲು ಫ್ರಿಜ್‌ನಲ್ಲಿ 4 ದಿನದವರೆಗೆ ಇರುತ್ತದೆ. ನಿಮ್ಮ ರಾತ್ರಿ ಪಾಳಿಯಲ್ಲಿ ಅದನ್ನು ಕುಡಿಸುವುದು, ಏರ್‌ಪೋರ್ಟ್ ಕಡೆ ಹಗಲು ಕೆಲಸಕ್ಕೆ ಹೋಗುವ ನಿಮ್ಮ ಯಜಮಾನರ ಜವಾಬ್ದಾರಿ.