ಆಲ್ಟರ್ನೇಟರ್ ಕೊಳ್ಳುವ ಮೊದಲು

ಪುಟ್ಟ ವಿಮಾನವನ್ನು ನೀವೇ ಕಟ್ಟುತ್ತಿದ್ದೀರಾ? ಹಾಗಿದ್ದರೆ ಒಂದು ಮಾತು ಕೇಳಿ. ‘ದೊಡ್ಡದೇ ಇರಲಿ ಬಿಡಿ’ ಎಂದು 60 ಆಂಪಿಯರ್ ಆಲ್ಟರ್ನೇಟರ್ ತಂದು ಕೂರಿಸಬೇಡಿ. ಅದರ ಭಾರವನ್ನು ಪ್ರತಿ ಹಾರಾಟದಲ್ಲೂ ಹೊರಬೇಕಾಗುತ್ತದೆ. ಮೊದಲು ಕಾಗದ ಹಿಡಿದು ಕೂತು, ರಾತ್ರಿ ಹಾರಾಟದಲ್ಲಿ ಒಟ್ಟಿಗೆ ಉರಿಯುವುದನ್ನೆಲ್ಲ ಬರೆಯಿರಿ. 14 ವೋಲ್ಟಿನಲ್ಲಿ 100 ವಾಟಿನ ಹಳೇ ಲ್ಯಾಂಡಿಂಗ್ ಲೈಟೊಂದೇ 7 ಆಂಪಿಯರ್ ನುಂಗುತ್ತದೆ. ಎಲ್‌ಇಡಿ ಹಾಕಿದರೆ ಬಹುಪಾಲು ಉಳಿಯಿತು. ಪಿಟೋ ಹೀಟರನ್ನು ಮಾತ್ರ ಮರೆಯಬೇಡಿ. ಸದಾ ಓಡುವ ಲೋಡು ಆಲ್ಟರ್ನೇಟರ್ ಸಾಮರ್ಥ್ಯದ ಶೇ. 80 ದಾಟದಿರಲಿ, ಸ್ಟಾರ್ಟ್ ಆದಮೇಲೆ ಬ್ಯಾಟರಿಯೂ ಚಾರ್ಜ್ ಆಗಬೇಕಲ್ಲ. ರೋಟ್ಯಾಕ್ಸ್ 912 ಎಂಜಿನ್ನಿನ ಒಳಗಿನ ಜನರೇಟರ್ 250 ವಾಟ್ ಕೊಡುವುದು 5500 ಆರ್‌ಪಿಎಂನಲ್ಲಿ. ನೆಲದ ಮೇಲೆ ಐಡಲ್‌ನಲ್ಲಿ ಅಷ್ಟನ್ನು ನಂಬಿ ಲೆಕ್ಕ ಹಾಕಬೇಡಿ. ಆಲ್ಟರ್ನೇಟರಿನಿಂದ ಹೊರಡುವ ವೈರು, ಫ್ಯೂಸುಗಳೂ ಅದರ ಪೂರ್ತಿ ಆಂಪಿಯರಿಗೆ ತಕ್ಕಂತಿರಲಿ.