ಕ್ಯಾಶುವಾಲ್ಟಿಗೆ ಹೊಸದಾಗಿ ಸೇರಿದವರಿಗೆ, ರಕ್ತ ತೆಗೆಯುವ ಮುನ್ನ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಆಸ್ಪತ್ರೆಗಳಲ್ಲಿ ಈ ವರ್ಷ ಕ್ಯಾಶುವಾಲ್ಟಿ ಡ್ಯೂಟಿಗೆ ಸೇರಿದ ಕಿರಿಯ ಡಾಕ್ಟರುಗಳಿಗೆ ಈ ಮಾತು. ರೋಗಿಯ ಪ್ರಾಣಕ್ಕೆ ನೀವು ಹೊಣೆ ಎಂದು ಕಾಲೇಜಿನಲ್ಲಿ ಕಲಿಸಿದ್ದಾರೆ. ಅವರ ದುಡ್ಡಿಗೂ ನೆಮ್ಮದಿಗೂ ನೀವು ಹೊಣೆ ಎಂದು ಅಷ್ಟು ಗಟ್ಟಿಯಾಗಿ ಯಾರೂ ಹೇಳಿರಲಾರರು.

• ಮೊದಲು ಕೂತು ಕೇಳಿ. ಜ್ವರ ಎಷ್ಟು ದಿನದಿಂದ, ಮಾಡುವ ಕೆಲಸ ಏನು, ಯಾವ ಮಾತ್ರೆ ನುಂಗಿದ್ದಾರೆ, ಊರಿಗೆ ಹೋಗಿ ಬಂದರೇ? ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನಿಂದ ತಲೆಸುತ್ತು ಎಂದು ಬಂದವರನ್ನು ಯಾವ ತೊಟ್ಟಿಯ ಹತ್ತಿರ ನಿಂತಿದ್ದಿರಿ ಎಂದು ಕೇಳದೆ ಹತ್ತು ಟ್ಯೂಬ್ ರಕ್ತ ಕಳಿಸಿ ಫಲವಿಲ್ಲ. ಅಲ್ಲಿದ್ದದ್ದು ಕ್ರೋಮಿಕ್ ಆಮ್ಲವೋ ಸಯನೈಡೋ ಎಂದು ಸಿಬಿಸಿ ಹೇಳುವುದಿಲ್ಲ. ಜೊತೆಗೆ ಬಂದ ಸೂಪರ್‌ವೈಸರ್ ಹೇಳುತ್ತಾರೆ.

• ಟಿಕ್ ಹಾಕುವ ಮುಂಚೆ ಯೋಚಿಸಿ: ರಿಪೋರ್ಟ್ ಹೆಚ್ಚು ಬಂದರೆ ಏನು ಮಾಡುತ್ತೇನೆ, ಕಡಿಮೆ ಬಂದರೆ ಏನು ಮಾಡುತ್ತೇನೆ? ಎರಡಕ್ಕೂ ಒಂದೇ ಚಿಕಿತ್ಸೆಯಾದರೆ ಆ ಪರೀಕ್ಷೆ ಬೇಡ.

• ಕಂಪ್ಯೂಟರಿನಲ್ಲಿ ಒಂದೇ ಗುಂಡಿಗೆ ಹತ್ತಾರು ಪರೀಕ್ಷೆ ಸೇರಿಸಿಟ್ಟ ಪ್ಯಾಕೇಜುಗಳಿರುತ್ತವೆ. ಅದರೊಳಗೆ ಬೇಡದ್ದನ್ನು ತೆಗೆಯಲು ಅರ್ಧ ನಿಮಿಷ ಕೊಡಿ. ಲ್ಯಾಬಿನ 'ನಾರ್ಮಲ್' ಮಿತಿ ಎಂದರೆ ಆರೋಗ್ಯವಂತರಲ್ಲಿ 100ಕ್ಕೆ 95 ಮಂದಿ ಬೀಳುವ ಮಿತಿ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಏನೂ ಕಾಯಿಲೆ ಇಲ್ಲದ 100 ಜನರಲ್ಲಿ ಸುಮಾರು 64 ಮಂದಿಗೆ ಒಂದಾದರೂ ಗೆರೆ ದಾಟಿ ಬರುತ್ತದೆ. ಆಮೇಲೆ ಅದರ ಬೆನ್ನು ಹತ್ತಿ ಸ್ಕ್ಯಾನು, ಇನ್ನೊಂದು ರಕ್ತ, ಇನ್ನೊಬ್ಬ ತಜ್ಞರು. ರೋಗಿ ಬಂದದ್ದು ಹೊಟ್ಟೆ ಕೆಟ್ಟಿತೆಂದು!

• ಮಳೆಗಾಲದ ಜ್ವರಕ್ಕೆ ಬರೋಣ, ನಿಮ್ಮ ಕ್ಯಾಶುವಾಲ್ಟಿ ತುಂಬುವುದೇ ಅದರಿಂದ. ಡೆಂಗಿಯ ಪರೀಕ್ಷೆಗೆ ದಿನದ ಲೆಕ್ಕ ಮುಖ್ಯ. ಮೊದಲ ಐದು ದಿನ ಎನ್‌ಎಸ್1, ಆಮೇಲೆ ಐಜಿಎಂ. ಎರಡನೇ ದಿನವೇ ಐಜಿಎಂ ಕಳಿಸಿ 'ಇಲ್ಲ' ಎಂದು ಬಂದರೆ ಅದರಿಂದ ಏನೂ ತಿಳಿಯದು, ದುಡ್ಡು ಮಾತ್ರ ಹೋಯಿತು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಎಲೈಸಾ ವಿಧಾನದ ಎನ್‌ಎಸ್1ಗೆ 300, ಐಜಿಎಂಗೆ 300, ರಾಪಿಡ್ ಕಾರ್ಡಿಗೆ 250 ರೂಪಾಯಿ ಮಿತಿ ಹಾಕಿತು. ದರಕ್ಕೆ ಮಿತಿ ಬಂತು, ಎಷ್ಟು ಸಲ ಬರೆಯುತ್ತೀರಿ ಎಂಬುದಕ್ಕೆ ಮಿತಿ ನೀವೇ ಹಾಕಿಕೊಳ್ಳಬೇಕು. ಬಂಧುಗಳು ಗಂಟೆಗೊಮ್ಮೆ 'ಪ್ಲೇಟ್‌ಲೆಟ್ ಎಷ್ಟು' ಎಂದು ಕೇಳುತ್ತಾರೆ. ನೀವು ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ಸುಸ್ತು, ಏರುತ್ತಿರುವ ಹಿಮಟೋಕ್ರಿಟ್ ನೋಡಿ. ಜ್ವರ ಇಳಿಯುವ ಹೊತ್ತೇ ಅಪಾಯದ್ದು. ಆಗ ಸಿಬಿಸಿಯಲ್ಲಿ ಜಿಪುಣತನ ಬೇಡ.

• ಮೂರು ದಿನದ ಜ್ವರಕ್ಕೆ ವೈಡಾಲ್ ಬರೆಯಬೇಡಿ. ಒಂದೇ ಸ್ಯಾಂಪಲ್ಲಿನ ವೈಡಾಲ್ ನಂಬಿ ನಮ್ಮಲ್ಲಿ ಎಷ್ಟು ಜನಕ್ಕೆ ಬೇಡದ ಆಂಟಿಬಯೋಟಿಕ್ ಇಳಿದಿದೆ ಎಂದು ನೆನೆದರೆ ಸಂಕಟವಾಗುತ್ತದೆ. ಟೈಫಾಯ್ಡ್ ಅನುಮಾನ ನಿಜವಾಗಿ ಇದ್ದರೆ, ಮದ್ದು ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್ ಕಳಿಸಿ.

• ಎದೆನೋವಿಗೆ 10 ನಿಮಿಷದೊಳಗೆ ಇಸಿಜಿ. ಎಸ್‌ಟಿ ಏರಿದ್ದರೆ ಟ್ರೋಪೊನಿನ್‌ಗೆ ಕಾಯುತ್ತ ಕೂರಬೇಡಿ, ಚಿಕಿತ್ಸೆಗೆ ಓಡಿ. ಇಸಿಜಿ ಸರಿಯಿದ್ದೂ ಅನುಮಾನ ಉಳಿದರೆ ಟ್ರೋಪೊನಿನ್, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ. ಅದರ ಜೊತೆಗೆ ಸಿಕೆ-ಎಂಬಿ ಬೇಡ. ರಕ್ತ ತೆಳುಮಾಡುವ ಮಾತ್ರೆ ನುಂಗದ, ಲಿವರ್ ಚೆನ್ನಾಗಿರುವವರಿಗೆ ರೂಢಿಗೆಂದು ಪಿಟಿ-ಐಎನ್‌ಆರ್ ಕಳಿಸಬೇಡಿ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು, ಗಾಬರಿಯಾಗಬೇಡಿ ಎಂದು ವೈದ್ಯರು ಮನವಿ ಮಾಡಬೇಕಾಯಿತು. ಅಂಥ ಭಯ ಹೊತ್ತು ಬಂದ ಮೂವತ್ತರ ಸಾಫ್ಟ್‌ವೇರ್ ಹುಡುಗನಿಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಐದು ನಿಮಿಷ ಮಾತಾಡಿ. ಬಯ್ದು ಕಳಿಸಬೇಡಿ.

• ಹಳೇ ರಿಪೋರ್ಟ್ ಕೇಳಿ. ಐಟಿ ಕಂಪನಿಯವರ ಮೊಬೈಲಿನಲ್ಲಿ ಪ್ರತಿ ವರ್ಷದ ಹೆಲ್ತ್ ಚೆಕಪ್ ಇರುತ್ತದೆ. ಆನೇಕಲ್ಲಿನಿಂದ, ಹೊಸಕೋಟೆಯಿಂದ ರೆಫರ್ ಆಗಿ ಬಂದವರ ಚೀಲದಲ್ಲಿ ಬೆಳಿಗ್ಗೆಯದ್ದೇ ರಿಪೋರ್ಟ್ ಇರುತ್ತದೆ. 'ನಮ್ಮ ಲ್ಯಾಬಿನದ್ದೇ ಬೇಕು' ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಮತ್ತೆ ಮಾಡಿಸುವುದು ಅನ್ಯಾಯ.

• ಸ್ಯಾಂಪಲ್ ಕೆಟ್ಟು ಎರಡನೇ ಸಲ ಚುಚ್ಚುವುದೂ ಅನಗತ್ಯ ಪರೀಕ್ಷೆಯೇ. ಸಣ್ಣ ಕ್ಯಾನುಲಾದಿಂದ ಜೋರಾಗಿ ಎಳೆದು ಸಿರಿಂಜಿನಿಂದ ಟ್ಯೂಬಿಗೆ ಒತ್ತಿದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ನೀಲಿ ಮುಚ್ಚಳದ ಟ್ಯೂಬನ್ನು ಗೆರೆಯವರೆಗೆ ತುಂಬಿ. ನರ್ಸ್ ಅಕ್ಕಂದಿರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು, ಅವರಿಂದ ಕಲಿಯಿರಿ.

• 'ಇನ್ಶೂರೆನ್ಸ್ ಇದೆ ಡಾಕ್ಟ್ರೇ, ಅಡ್ಮಿಟ್ ಮಾಡಿ ಎಲ್ಲ ಟೆಸ್ಟ್ ಮಾಡಿಸಿಬಿಡಿ' ಎನ್ನುವವರು ವೈಟ್‌ಫೀಲ್ಡಿನಲ್ಲಿ ದಿನವೂ ಸಿಗುತ್ತಾರೆ. ಬರೀ ತಪಾಸಣೆಗೆಂದೇ ಆದ ದಾಖಲಾತಿಗೆ ಸಾಮಾನ್ಯವಾಗಿ ಪಾಲಿಸಿ ಹಣ ಕೊಡುವುದಿಲ್ಲ, ಅದು ಷರತ್ತುಗಳಲ್ಲೇ ಇದೆ. ಮೊದಲೇ ತಿಳಿಸಿ. ಪೀಣ್ಯ, ಬೊಮ್ಮಸಂದ್ರದ ಕಾರ್ಮಿಕರನ್ನು ಇಎಸ್‌ಐ ಕಾರ್ಡ್ ಇದೆಯೇ ಎಂದು ಕೇಳಿ. ಅದರ ಸಂಬಳದ ಮಿತಿ 2017ರಲ್ಲಿ 21,000ಕ್ಕೆ ಏರಿತು, ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆಯಿದೆ. ಕಾರ್ಡಿಲ್ಲದ ಗುತ್ತಿಗೆ ಕೂಲಿಯವರು ನಿಮ್ಮ ಒಂದು ಟಿಕ್ಕಿಗೆ ವಾರದ ಕೂಲಿ ತೆರುತ್ತಾರೆ.

• ಕೇಸಿನ ಭಯ ನನಗೂ ಗೊತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಸೇವೆಯನ್ನು ಗ್ರಾಹಕ ಕಾನೂನಿನೊಳಗೆ ತಂದಾಗಿನಿಂದ ಅದು ನಮ್ಮ ವೃತ್ತಿಯಲ್ಲಿ ಕೂತಿದೆ. ಆದರೆ ನಿಮ್ಮನ್ನು ಕಾಯುವುದು ಪರೀಕ್ಷೆಗಳ ರಾಶಿಯಲ್ಲ, ಕೇಸ್ ಶೀಟಿನಲ್ಲಿ ನೀವು ಬರೆದ ಮಾತು: ಏನು ನೋಡಿದೆ, ಏಕೆ ಈ ಪರೀಕ್ಷೆ ಬೇಡವೆನಿಸಿತು, ಯಾವಾಗ ಮತ್ತೆ ಬರಲು ಹೇಳಿದೆ. ತಿಂಗಳ ಮೀಟಿಂಗಿನಲ್ಲಿ ಯಾರಾದರೂ ಪರೀಕ್ಷೆಗಳ ಸಂಖ್ಯೆ ಏಕೆ ಕಡಿಮೆ ಎಂದು ಕೇಳಿದರೂ ಆ ಶೀಟನ್ನೇ ಮುಂದಿಡಿ. ಒಬ್ಬರೇ ನಿಲ್ಲಬೇಡಿ, ಸೀನಿಯರ್‌ಗಳನ್ನೂ ಲ್ಯಾಬಿನವರನ್ನೂ ಜೊತೆಗೆ ಸೇರಿಸಿಕೊಳ್ಳಿ.

• ಬಿಡಬಾರದ ಪರೀಕ್ಷೆಗಳು ಅಗ್ಗದವೇ. ಪ್ರಜ್ಞೆ ತಪ್ಪಿದವರಿಗೆ ತಕ್ಷಣ ಗ್ಲುಕೋಮೀಟರ್. ಹೊಟ್ಟೆನೋವೆಂದು ಬಂದ, ಗರ್ಭ ಧರಿಸುವ ವಯಸ್ಸಿನ ಹೆಣ್ಣುಮಕ್ಕಳಿಗೆ ಮೂತ್ರದಲ್ಲಿ ಗರ್ಭಪರೀಕ್ಷೆ, ಗುಟ್ಟಾಗಿ, ಗೌರವದಿಂದ. ಹಾವು ಕಡಿತಕ್ಕೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳಲ್ಲಿ ಸೇರಿಸಿತು. ಜಿಗಣಿ, ಸರ್ಜಾಪುರದ ಕಡೆ ಮನೆ ಕಟ್ಟುವ ನಿವೇಶನಗಳಿಂದ ಹಾವು ಕಚ್ಚಿದವರು ಬಂದೇ ಬರುತ್ತಾರೆ. ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ವಾಲಿಸಿ ನೋಡುವುದು ಅಷ್ಟೇ. ಹೆಪ್ಪುಗಟ್ಟಿತೆಂದು ನಿಶ್ಚಿಂತರಾಗಬೇಡಿ, ನಾಗರ, ಕಟ್ಟುಹಾವಿನ ವಿಷ ರೆಪ್ಪೆ ಜೋಲುವುದರಲ್ಲಿ ಕಾಣುತ್ತದೆ. ಈ ಪರೀಕ್ಷೆಗೆ ಪ್ಲಾಸ್ಟಿಕ್ ಟ್ಯೂಬ್ ಆಗದು, ಸೋಪಿನಲ್ಲಿ ತೊಳೆದದ್ದೂ ಆಗದು. ಹೊಸ, ಒಣಗಿದ ಗಾಜಿನ ಟ್ಯೂಬೇ ಬೇಕು. ಇವತ್ತು ಡ್ಯೂಟಿಗೆ ಹೋದಾಗ ನಿಮ್ಮ ಕ್ಯಾಶುವಾಲ್ಟಿಯಲ್ಲಿ ಅಂಥದ್ದೊಂದು ಇದೆಯೇ ನೋಡಿ, ಇಲ್ಲದಿದ್ದರೆ ಇವತ್ತೇ ತರಿಸಿಡಿ.