ಸೋರುವ ಗಾಲಿಗೆ ಹದಿನೈದು ಸಾವಿರದ ಫೋಮ್

ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಲ್ಲುತ್ತಿಲ್ಲ ಎಂದಾಗ ಫೋಮ್ ಇನ್ಸರ್ಟ್ ಹಾಕಿಸಿ ಎನ್ನುವ ಅಂಗಡಿಯವನನ್ನು ಮೊದಲು ಒಂದು ಮಾತು ಕೇಳಿ: ಗಾಳಿ ಹೋಗುತ್ತಿರುವುದು ಎಲ್ಲಿಂದ? ಅದಕ್ಕೆ ಬೆರಳಿಟ್ಟು ತೋರಿಸಲಾಗದವನಿಗೆ ದುಡ್ಡು ಕೊಡಬೇಡಿ. ನಾಸಿಕ್‌ನಲ್ಲಿ ನನ್ನ ಮೌಂಟನ್ ಬೈಕಿನ ಎರಡು ಗಾಲಿಗೆ ಆಮದು ಫೋಮ್ ಹಾಕಿಸಲು ₹13,800 ಬೆಲೆ, ₹1,200 ಕೂಲಿ, ಒಟ್ಟು ₹15,000 ಆಯಿತು. ಸೈಕಲ್ಲಿಗೆ ಕೊಟ್ಟದ್ದೇ ₹85,000. ಸೈಕಲ್ಲಿನ ಬೆಲೆಯ ಆರನೇ ಒಂದು ಪಾಲಿಗೂ ಹೆಚ್ಚು ಹಣ ಟೈರಿನೊಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ ಕೂತಿತು.

ನಾಸಿಕ್‌ನಲ್ಲಿ ಇಂಥ ಖರ್ಚು ದುಂದು ಅನ್ನಿಸುವುದಿಲ್ಲ. ಇಲ್ಲಿನ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ 2015ರಲ್ಲಿ ಸುಮಾರು 4,800 ಕಿ.ಮೀ.ಗಳ ‘ರೇಸ್ ಅಕ್ರಾಸ್ ಅಮೆರಿಕ’ವನ್ನು ಇಬ್ಬರ ತಂಡವಾಗಿ ಮುಗಿಸಿದರು. ಅದನ್ನು ಪೂರೈಸಿದ ಮೊದಲ ಭಾರತೀಯ ತಂಡ ಅವರದು. ಪ್ರತಿ ವರ್ಷ ಪಂಢರಪುರದ ವಿಠಲನ ಕಡೆಗೆ ಇಲ್ಲಿಂದ ಸೈಕಲ್ ವಾರಿ ಯಾತ್ರೆಯೇ ಹೊರಡುತ್ತದೆ. ಅವರೆಲ್ಲ ಓಡಿಸುವುದು ಡಾಂಬರಿನ ಮೇಲೆ. ಆಂಜನೇರಿಯ ಬುಡದಲ್ಲೋ ರಾಮಶೇಜ್ ಕೋಟೆಯ ಸುತ್ತಲೋ ಕಾಲುದಾರಿ ಹಿಡಿಯುವ ನನ್ನಂಥವರಿಗೆ ಎದುರಾಗುವುದೇ ಬೇರೆ: ಅಂಚು ಹರಿತವಾದ ಕಪ್ಪು ಬಸಾಲ್ಟ್ ಕಲ್ಲು, ಜಾಲಿಮುಳ್ಳು, ಮಳೆ ನಿಂತ ಮೇಲೆ ನೆಲಕ್ಕೆ ಹಬ್ಬುವ ನೆಗ್ಗಿಲು. ಹಿಂದಿನ ಗಾಲಿ ರಾತ್ರಿ ಕಳೆಯುವುದರಲ್ಲಿ 24 ಪಿಎಸ್‌ಐಯಿಂದ ಹತ್ತಕ್ಕೆ ಇಳಿಯುತ್ತಿತ್ತು. ಕಲ್ಲು, ಮುಳ್ಳು ಎರಡಕ್ಕೂ ಫೋಮೇ ಮದ್ದು ಎಂದು ಅಂಗಡಿಯಲ್ಲಿ ಹೇಳಿದರು.

ಹಾಕಿಸಿದ ಮೇಲೆ ಕೆಲವು ವಾರ ಗಾಳಿ ಗಟ್ಟಿಯಾಗಿ ನಿಂತದ್ದು ನಿಜ. ಆದರೆ ಫೋಮ್ ಕೂರಿಸುವಾಗ ತೂತು ಮುಚ್ಚುವ ಹಾಲಿನಂಥ ದ್ರವವನ್ನು, ಅಂದರೆ ಹಳೆಯ ಸೀಲೆಂಟನ್ನು ಒರೆಸಿ ಹೊಸದನ್ನು ತುಂಬಿದ್ದರು. ಸೋರಿಕೆ ತಡೆದದ್ದು ಆ ಹಾಲು. ಹೆಸರು ಬಂದದ್ದು ಫೋಮಿಗೆ. ಕೆಲಸದ ಮೇಲೆ ಛತ್ರಪತಿ ಸಂಭಾಜಿನಗರಕ್ಕೆ ಬಂದಾಗ ಮರಾಠವಾಡದ ಬೇಸಿಗೆ. ಪಾದರಸ ನಲವತ್ತು ಡಿಗ್ರಿ ದಾಟುವ ಊರಲ್ಲಿ ಲೇಟೆಕ್ಸ್ ಸೀಲೆಂಟ್ ಬೇಗ ಒಣಗಿ ರಬ್ಬರ್ ತುಣುಕಾಗುತ್ತದೆ. ಸೋರಿಕೆ ಮರಳಿ ಬಂತು. ಕೊನೆಗೆ ವಾಳೂಜ್ ಕೈಗಾರಿಕಾ ಪ್ರದೇಶದ ಬದಿಯಲ್ಲಿ ಕಾರಿನ ಟೈರುಗಳಿಗೆ ಪಂಕ್ಚರ್ ಹಾಕುವವನೊಬ್ಬ ಗಾಲಿಯನ್ನು ನೀರಿನ ತೊಟ್ಟಿಗೆ ಅದ್ದಿದ. ಟೈರಿನ ಮೈಯಿಂದ ಒಂದು ಗುಳ್ಳೆಯೂ ಏಳಲಿಲ್ಲ. ಎದ್ದದ್ದು ವಾಲ್ವ್ ಬುಡದಿಂದ, ಸ್ಪೋಕ್ ನಿಪ್ಪಲ್‌ಗಳಿಂದ. ಹಾಗೆಂದರೆ ಒಳಗಿನ ರಿಮ್ ಟೇಪ್ ಎಲ್ಲೋ ಬಿಟ್ಟಿದೆ. ಟೇಪಿನಡಿ ನುಗ್ಗಿದ ಗಾಳಿ ರಿಮ್ಮಿನ ಟೊಳ್ಳಿನಲ್ಲಿ ಸುತ್ತಿ ಸಿಕ್ಕ ತೂತಿನಿಂದ ಹೊರಬೀಳುತ್ತದೆ. ಆ ಬಿರುಕಿಗೂ ಫೋಮಿಗೂ ಏನೇನೂ ಸಂಬಂಧವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಫೋಮ್ ಮಾಡುವ ಕೆಲಸ ಏನು? ಗಾಲಿ ಕಲ್ಲಿಗೆ ಅಪ್ಪಳಿಸಿದಾಗ ರಿಮ್ ಮತ್ತು ಕಲ್ಲಿನ ನಡುವೆ ಸಿಕ್ಕು ಏಟು ತಾಳುತ್ತದೆ. ಟೈರಿನ ಪಕ್ಕೆಗೆ ಆಸರೆ ಕೊಡುತ್ತದೆ, ಎರಡು ಮೂರು ಪಿಎಸ್‌ಐ ಕಡಿಮೆ ಇಟ್ಟು ಓಡಿಸಬಹುದು. ಅಂದರೆ ಹಣದ ಭಾಷೆಯಲ್ಲಿ ಅದು ರಿಮ್ಮಿನ ವಿಮೆ. ನನ್ನದು ಅಲ್ಯೂಮಿನಿಯಂ ರಿಮ್. ಹೊಸದಕ್ಕೆ ₹3,400, ಸ್ಪೋಕ್ ಕಟ್ಟುವ ಕೂಲಿ ₹1,100, ಒಟ್ಟು ₹4,500. ಫೋಮ್ ಮೂರು ವರ್ಷ ಬಾಳುತ್ತದೆ ಎಂದು ಹಿಡಿಯೋಣ, ಉದಾರವಾಗಿಯೇ ಹಿಡಿದಿದ್ದೇನೆ. ಫೋಮಿನ ಮೈಗೂ ಹತ್ತಿಕೊಳ್ಳುವುದರಿಂದ ಪ್ರತಿ ಗಾಲಿಗೆ 30 ಮಿ.ಲೀ. ಸೀಲೆಂಟ್ ಹೆಚ್ಚು ಬೇಕು. ಎರಡು ಗಾಲಿಗೆ 60, ಈ ಬಿಸಿಲಿಗೆ ಮೂರು ತಿಂಗಳಿಗೊಮ್ಮೆ ಎಂದರೆ ವರ್ಷಕ್ಕೆ 240 ಮಿ.ಲೀ. ಲೀಟರಿಗೆ ₹2,400ರಂತೆ ₹576. ಮೂರು ವರ್ಷಕ್ಕೆ ₹1,728. ಫೋಮಿನ ನಿಜವಾದ ಬೆಲೆ ₹16,728. ಇದನ್ನು ₹4,500ರಿಂದ ಭಾಗಿಸಿದರೆ 3.7. ಮೂರು ವರ್ಷದಲ್ಲಿ ಮೂರು ರಿಮ್ ಮುರಿಯುವುದನ್ನು ಫೋಮ್ ತಪ್ಪಿಸಿದರೂ ₹3,228 ನಷ್ಟವೇ. ನಾಲ್ಕನೆಯದು ಉಳಿದಾಗ ಮಾತ್ರ ಲಾಭ. ಫೋಮ್ ಹಾಕಿಸುವ ಮೊದಲು ನನ್ನ ರಿಮ್ ಒಂದೂ ನೆಗ್ಗಿರಲಿಲ್ಲ.

ಸೋರಿಕೆಗೆ ಬೇಕಾದದ್ದು ಟೇಪ್ ₹600, ವಾಲ್ವ್ ಜೋಡಿ ₹500, ಗಾಲಿಗೆ 100 ಮಿ.ಲೀ.ಯಂತೆ ಸೀಲೆಂಟ್ ₹480. ಒಟ್ಟು ₹1,580.

ಈ ಫೋಮನ್ನು ಸೋರಿಕೆಯ ಪರಿಹಾರವೆಂದು ಮಾರುವುದು ನನಗೆ ಸಹಿಸಲಾಗದ ವಿಷಯ. ಸೂರು ಸೋರುತ್ತಿರುವ ಮನೆಗೆ ಬೆಂಕಿಯ ವಿಮೆ ಮಾಡಿಸಿದ ಹಾಗೆ. ಮುಳ್ಳಿಗೂ ಅದು ಅಡ್ಡ ಬರುವುದಿಲ್ಲ, ಏಕೆಂದರೆ ಅದು ಕೂರುವುದು ರಿಮ್ಮಿಗೆ ಅಂಟಿಕೊಂಡು. ಮುಳ್ಳು ಚುಚ್ಚುವುದು ನೆಲ ಮುಟ್ಟುವ ಮೈಗೆ. ನೆಗ್ಗಿಲಿನ ತೂತನ್ನು ಮುಚ್ಚುವುದು ಸೀಲೆಂಟ್, ದೊಡ್ಡ ತೂತಾದರೆ ಪ್ಲಗ್. ಸಾಮಾನ್ಯ ವಾಲ್ವ್ ಬಾಯಿಯನ್ನು ಫೋಮ್ ಮುಚ್ಚುವುದರಿಂದ ಪಕ್ಕದಲ್ಲಿ ತೂತಿರುವ ವಾಲ್ವೇ ಬೇಕು. ದಾರಿಯಲ್ಲಿ ಟೈರ್ ಹರಿದು ಟ್ಯೂಬ್ ಹಾಕಬೇಕಾಯಿತೋ, ಸೀಲೆಂಟ್ ಮೆತ್ತಿದ ಆ ಸುರುಳಿಯನ್ನು ಕಿತ್ತು ಹೆಗಲಿಗೆ ಹಾಕಿಕೊಂಡೇ ಬರಬೇಕು. ಇಷ್ಟರ ಮೇಲೆ ‘ನೋ ಕಾಸ್ಟ್ ಇಎಂಐ’ ಆಮಿಷ! ಪ್ರೊಸೆಸಿಂಗ್ ಶುಲ್ಕ, ಅದಕ್ಕೆ ಶೇ 18 ಜಿಎಸ್‌ಟಿ, ಬಡ್ಡಿಯ ಭಾಗಕ್ಕೆ ಮತ್ತೆ ಶೇ 18. ವೆಚ್ಚವಿಲ್ಲದ ಕಂತು ಎಂಬುದನ್ನು ನಾನು ನನ್ನ ಸ್ಟೇಟ್‌ಮೆಂಟಿನಲ್ಲಿ ಈವರೆಗೆ ಕಂಡಿಲ್ಲ. ಅಗ್ಗವೆಂದು ಹಾರ್ಡ್‌ವೇರ್ ಅಂಗಡಿಯ ಸ್ಪಂಜು ತುರುಕುವವರಿಗೂ ಒಂದು ಮಾತು: ರಂಧ್ರ ತೆರೆದ ಸ್ಪಂಜು ಸೀಲೆಂಟನ್ನೆಲ್ಲ ಕುಡಿದುಬಿಡುತ್ತದೆ.

ಮಾಡಬೇಕಾದದ್ದು ಸರಳ. ಸೋಪಿನ ನೀರು ಚಿಮುಕಿಸಿ ಗುಳ್ಳೆ ಹುಡುಕಿ. ಸ್ಪೋಕ್ ಅಥವಾ ವಾಲ್ವ್ ಬಳಿ ಎದ್ದರೆ ಹಳೆಯ ಟೇಪ್ ಪೂರ್ತಿ ಕಿತ್ತು, ಸ್ಪಿರಿಟ್‌ನಲ್ಲಿ ರಿಮ್ ಒರೆಸಿ, ಒಳ ಅಗಲಕ್ಕಿಂತ ಎರಡು ಮೂರು ಮಿ.ಮೀ. ಹೆಚ್ಚು ಅಗಲದ ಟೇಪನ್ನು ಬಿಗಿಯಾಗಿ ಎಳೆದು ಸುತ್ತಿ. ಟೈರಿನ ಅಂಚಿನಲ್ಲಿ ಎದ್ದರೆ ಬೀಡ್ ಸರಿಯಾಗಿ ಕೂತಿಲ್ಲ. ಕಂಪ್ರೆಸರ್ ಗಾಳಿ ಕೊಡಿ. ಸೀಲೆಂಟ್ ತುಂಬಿದ ತಾರೀಖನ್ನು ವಿಮೆಯ ಪ್ರೀಮಿಯಂ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯಿರಿ. ತಿಂಗಳಿಗೊಮ್ಮೆ ಹತ್ತು ನಿಮಿಷ ಕೊಡಲು ಬೇಸರಪಟ್ಟು ವರ್ಷಕ್ಕೊಮ್ಮೆ ಹತ್ತು ಸಾವಿರ ಕೊಡುವ ಅಭ್ಯಾಸ ನಮ್ಮಲ್ಲಿ ಸೈಕಲ್ಲಿಗಷ್ಟೇ ನಿಂತಿಲ್ಲ. ಸರ್ವಿಸ್ ತಪ್ಪಿಸಿದ ಸ್ಕೂಟರು, ಫಿಲ್ಟರ್ ತೊಳೆಯದ ಎ.ಸಿ., ಓದದೆ ನವೀಕರಿಸಿದ ಪಾಲಿಸಿ ಎಲ್ಲಕ್ಕೂ ಇದೇ ಲೆಕ್ಕ. ನಿರ್ವಹಣೆಯ ಖರ್ಚು ಚಿಕ್ಕದೆಂದು ಕಡೆಗಣಿಸುವವರ ಹಣವೇ ದೊಡ್ಡ ವಸ್ತು ಮಾರುವವರ ಆದಾಯ.

ಫೋಮ್ ಯಾರಿಗೆ ಬೇಕು? ಮ್ಹೈಸಮಾಳ ಬೆಟ್ಟದ ಕಲ್ಲುದಾರಿಯಲ್ಲಿ ಬ್ರೇಕ್ ಬಿಟ್ಟು ಇಳಿಯುವವರಿಗೆ, ಟೈರ್ ಹರಿದರೂ ಗುರಿ ಮುಟ್ಟಲೇಬೇಕಾದ ಸ್ಪರ್ಧಾಳುಗಳಿಗೆ, ಮುಖ್ಯವಾಗಿ ಕಾರ್ಬನ್ ರಿಮ್ ಇಟ್ಟುಕೊಂಡವರಿಗೆ. ರಿಮ್ ಒಂದಕ್ಕೆ ₹30,000 ಎಂದುಕೊಳ್ಳಿ. ಅದೇ ₹16,728ನ್ನು ಅದರಿಂದ ಭಾಗಿಸಿದರೆ 0.56. ಮೂರು ವರ್ಷದಲ್ಲಿ ಒಂದೇ ಒಂದು ರಿಮ್ ಉಳಿದರೂ ಕೊಟ್ಟ ಹಣ ಮರಳುತ್ತದೆ. ಅವರು ಕೊಳ್ಳಲಿ, ಟೇಪ್ ಸರಿಯಿದೆಯೇ ಎಂದು ನೋಡಿದ ಮೇಲೆ.